ಎಲ್ಲರೂ ಸೇರಿ ಓಡುವ ಭಾನುವಾರದ ಗುಂಪು: ಕೊನೆಯಲ್ಲಿ ಬರುವವರು ಒಂಟಿಯಾಗದಂತೆ ಹೇಗೆ ನಡೆಸಬೇಕು?

ಪ್ರಶ್ನೆ

ಚಿಕ್ಕಮಗಳೂರಿನ ನಮ್ಮ ಬಡಾವಣೆಯ ಕೆಲವರು ಸೇರಿ ಪ್ರತಿ ಭಾನುವಾರ ಬೆಳಿಗ್ಗೆ ಒಟ್ಟಿಗೆ ಓಡುವ ಗುಂಪೊಂದನ್ನು ಆರಂಭಿಸಬೇಕೆಂದು ನಿಶ್ಚಯಿಸಿದ್ದೇವೆ. ಸ್ಪರ್ಧೆ, ಪದಕ, ಪ್ರವೇಶ ಶುಲ್ಕ ಯಾವುದೂ ಇರುವುದಿಲ್ಲ. ಬಂದವರು ತಮ್ಮ ಶಕ್ತಿಗೆ ತಕ್ಕಂತೆ ಓಡಿ ಅಥವಾ ನಡೆದು, ಬೆವರು ಆರಿದ ಮೇಲೆ ಮನೆಗೆ ಹೋಗಬೇಕು ಎಂಬುದಷ್ಟೇ ಉದ್ದೇಶ. ಆದರೆ ಹೆಸರು ಕೊಟ್ಟವರ ಪಟ್ಟಿಯನ್ನು ನೋಡಿದಾಗ, ಸರಿಯಾಗಿ ಯೋಚಿಸದೆ ಇದನ್ನು ಆರಂಭಿಸಬಾರದೆಂದು ಅನ್ನಿಸಿತು. ಐದು ಕಿಲೋಮೀಟರನ್ನು 25 ನಿಮಿಷದೊಳಗೆ ಮುಗಿಸುವ ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಶಾಲೆ ಬಿಟ್ಟ ಮೇಲೆ ಒಮ್ಮೆಯೂ ಓಡದ, ನಲವತ್ತು ದಾಟಿದ ಗೃಹಿಣಿಯರಿದ್ದಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ನಿವೃತ್ತ ನೌಕರರೊಬ್ಬರಿದ್ದಾರೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಒಂದು ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ನಡೆಯುವ ಅಂಗಡಿ ಮಾಲೀಕರೊಬ್ಬರಿದ್ದಾರೆ. ಇವರೆಲ್ಲರ ಜೊತೆಗೆ, ದೃಷ್ಟಿ ಪೂರ್ತಿ ಇಲ್ಲದ ಒಬ್ಬ ಯುವತಿ ತಾನೂ ಬರಬಹುದೇ ಎಂದು ಕೇಳಿದ್ದಾಳೆ. ಬರಬಹುದೆಂದು ಒಪ್ಪಿಕೊಂಡಿದ್ದೇವೆ, ಹೇಗೆಂಬುದು ಮಾತ್ರ ಇನ್ನೂ ಸ್ಪಷ್ಟವಾಗಿಲ್ಲ.

ನನ್ನ ಆತಂಕಕ್ಕೆ ಕಾರಣವಿದೆ. ಇಂತಹ ಗುಂಪುಗಳಲ್ಲಿ ಎಲ್ಲರೂ ಒಂದೇ ಗಳಿಗೆಯಲ್ಲಿ ಹೊರಟರೂ ಹತ್ತು ನಿಮಿಷದೊಳಗೆ ಮುಂದಿನವರು ತಿರುವಿನಾಚೆ ಕಣ್ಮರೆಯಾಗಿರುತ್ತಾರೆ. ಅವರು ಎಲ್ಲೋ ಒಂದು ಕಡೆ ನಿಂತು ಕಾಯುತ್ತಾರೆ, ನಿಜ. ಆದರೆ ಕೊನೆಯವರು ಏದುಸಿರು ಬಿಡುತ್ತಾ ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಇವರ ದಣಿವು ಆರಿರುತ್ತದೆ, ‘ಸರಿ, ಹೊರಡೋಣ’ ಎಂದು ಎದ್ದುಬಿಡುತ್ತಾರೆ. ಹೀಗಾಗಿ ವಿಶ್ರಾಂತಿ ಅತಿ ಹೆಚ್ಚು ಬೇಕಾದವರಿಗೇ ಅದು ಸಿಗುವುದಿಲ್ಲ, ಮತ್ತು ಅಂಥವರು ಕೆಲವೇ ವಾರಗಳಲ್ಲಿ ಬರುವುದನ್ನು ನಿಲ್ಲಿಸುತ್ತಾರೆ. ನಮ್ಮಲ್ಲಿ ಹಾಗಾಗಬಾರದು. ಓಡುವ ಜಾಗ ಯಾವುದಿರಬೇಕು, ಎಷ್ಟು ದೂರ ಇಟ್ಟುಕೊಳ್ಳಬೇಕು, ನಿಧಾನವಾಗಿ ಓಡುವವರಿಗೆ ಬೇರೆ ಗುಂಪು ಮಾಡಬೇಕೇ, ಆರೋಗ್ಯದ ದೃಷ್ಟಿಯಿಂದ ಯಾವ ಎಚ್ಚರಿಕೆಗಳು ಬೇಕು ಎಂಬುದನ್ನು ಅನುಭವವುಳ್ಳವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ)

ನೀವು ವಿವರಿಸಿದ ತೊಂದರೆಗೆ ಓಡುವವರ ಸ್ವಭಾವ ಕಾರಣವಲ್ಲ, ದಾರಿಯ ಆಕಾರ ಕಾರಣ. ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ಹೋಗುವ ನೇರ ದಾರಿಯಲ್ಲಿ ವೇಗದ ವ್ಯತ್ಯಾಸವೆಲ್ಲವೂ ಅಂತರವಾಗಿ ಬೆಳೆಯುತ್ತಲೇ ಹೋಗುತ್ತದೆ. ಅದೇ ಜನರನ್ನು ಒಂದು ಸುತ್ತಿನ ಮೇಲೆ ಓಡಿಸಿದರೆ ಯಾರು ಮುಂದೆ, ಯಾರು ಹಿಂದೆ ಎಂಬುದು ಸ್ವಲ್ಪ ಹೊತ್ತಿನಲ್ಲೇ ನೋಡುವವರಿಗೂ ತಿಳಿಯದಂತಾಗುತ್ತದೆ. ಆದ್ದರಿಂದ ಜಿಲ್ಲಾ ಆಟದ ಮೈದಾನವನ್ನೇ ಆರಿಸಿಕೊಳ್ಳಿ, ಮತ್ತು ದೂರವನ್ನು ನಿಗದಿಪಡಿಸದೆ ಸಮಯವನ್ನು ನಿಗದಿಪಡಿಸಿ. ಸೀಟಿ ಊದಿದಾಗ ಎಲ್ಲರೂ ಹೊರಡಲಿ, ಅರ್ಧ ಗಂಟೆಯ ನಂತರ ಮತ್ತೆ ಸೀಟಿ ಊದಿದಾಗ ಎಲ್ಲರೂ ನಿಲ್ಲಲಿ. ಅಷ್ಟರೊಳಗೆ ವಿದ್ಯಾರ್ಥಿಗಳು 400 ಮೀಟರಿನ ಹದಿನೈದು ಸುತ್ತು ಹಾಕಬಹುದು, ಕ್ಯಾಲಿಪರ್ ಕಟ್ಟಿದವರು ಮೂರು ಸುತ್ತು ನಡೆಯಬಹುದು. ಇಬ್ಬರೂ ಒಂದೇ ಗಳಿಗೆಯಲ್ಲಿ ಮುಗಿಸುತ್ತಾರೆ, ಇಬ್ಬರಿಗೂ ಸಮಾನವಾದ ವಿಶ್ರಾಂತಿ ಸಿಗುತ್ತದೆ. ಕಾಯುವವರೂ ಇಲ್ಲ, ಕಾಯಿಸಿದೆನೆಂಬ ಸಂಕೋಚವೂ ಇಲ್ಲ. ವೇಗವಾಗಿ ಓಡುವವರು ನಿಧಾನವಾಗಿ ಹೋಗುವವರನ್ನು ದಾಟುವಾಗ ಹೊರಗಿನ ಪಥದಲ್ಲೇ ದಾಟಬೇಕು, ಮತ್ತು ದಾಟುವ ಮುನ್ನ ಬಾಯಿಬಿಟ್ಟು ಹೇಳಬೇಕು ಎಂಬ ನಿಯಮ ಸಾಕು.

ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು 13 ಜನ ಓಟಗಾರರೊಂದಿಗೆ ಆರಂಭವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ ಪಾರ್ಕ್‌ರನ್ ಎಂಬ ಉಚಿತ ಸಾಪ್ತಾಹಿಕ ಓಟದ ಪದ್ಧತಿಯೊಂದನ್ನು ನೀವು ಖಂಡಿತ ಅನುಸರಿಸಬೇಕು. ಅಲ್ಲಿ ದೂರ ಐದು ಕಿಲೋಮೀಟರೆಂದು ನಿಗದಿಯಾಗಿದ್ದರೂ ಒಬ್ಬ ಸ್ವಯಂಸೇವಕರು ಉದ್ದೇಶಪೂರ್ವಕವಾಗಿ ಎಲ್ಲರಿಗಿಂತ ಹಿಂದೆ ನಡೆಯುತ್ತಾರೆ, ಗುರಿಯನ್ನೂ ಅವರೇ ಕೊನೆಯದಾಗಿ ಮುಟ್ಟುತ್ತಾರೆ. ಹಾಗಾಗಿ ಓಡಲು ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ನಿಮ್ಮ ಗುಂಪಿನಲ್ಲಿ ಈ ಕೆಲಸವನ್ನು ಸರದಿಯಂತೆ ಹಂಚಿ, ಚುರುಕಾಗಿ ಓಡುವ ವಿದ್ಯಾರ್ಥಿಗಳಿಗೂ ಕೊಡಿ. ಒಂದು ಬೆಳಿಗ್ಗೆ ಪೂರ್ತಿ ಹಿಂದೆ ನಡೆದವನಿಗೆ ಮುಂದಿನ ವಾರ ಯಾರನ್ನು ಹೇಗೆ ದಾಟಬೇಕೆಂಬುದು ತಾನಾಗಿಯೇ ತಿಳಿದಿರುತ್ತದೆ.

ಹೊಸಬರ ವಿಷಯದಲ್ಲಿ, ಮೊದಲ ದಿನವೇ ಅರ್ಧ ಗಂಟೆ ಬಿಡದೆ ಓಡಿಸುವ ಯೋಚನೆಯನ್ನು ಪೂರ್ತಿ ಕೈಬಿಡಬೇಕು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಇದನ್ನೇ ಪುನರಾವರ್ತಿಸುತ್ತಾ ಹೋಗಿ ವಾರಗಳು ಕಳೆದಂತೆ ಓಟದ ಪಾಲನ್ನು ಹೆಚ್ಚಿಸಬೇಕು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಈ ಓಟ-ನಡಿಗೆಯ ಕ್ರಮವನ್ನು ಎಪ್ಪತ್ತರ ದಶಕದಲ್ಲೇ ರೂಪಿಸಿದರು, ಮತ್ತು ಅದನ್ನು ಅನುಸರಿಸಿ ಮ್ಯಾರಥಾನ್ ಮುಗಿಸಿದವರು ಬಹಳ ಮಂದಿ. ನಡುವೆ ನಡೆಯುವುದು ಸೋಲಿನ ಲಕ್ಷಣವೆಂದು ಭಾವಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಣಿದ ಮೇಲೆ ನಡೆಯುವುದಕ್ಕಿಂತ ದಣಿಯುವ ಮೊದಲೇ ಲೆಕ್ಕವಿಟ್ಟು ನಡೆಯುವುದರಲ್ಲಿ ಜಾಣತನವಿದೆ ಎಂದು ಅವರಿಗೆ ಮೊದಲ ದಿನವೇ ವಿವರಿಸಿರಿ. ವೇಗವನ್ನು ಅಳೆಯಲು ಕೈಗಡಿಯಾರ ಬೇಡ. ಓಡುತ್ತಲೇ ಪಕ್ಕದವರೊಂದಿಗೆ ಒಂದು ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಹೆಚ್ಚಾಗಿದೆ.

ಬೆಟ್ಟದ ದಾರಿಯ ಆಸೆ ನಮ್ಮ ಊರಿನವರೆಲ್ಲರಿಗೂ ಇರುತ್ತದೆ. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಏರುವ ರಸ್ತೆ ಸುಂದರವಾದದ್ದು, ನಮ್ಮ ಗುಡ್ಡಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂತಹ ದೀರ್ಘ ಓಟಗಳ ಹೆಸರು ಕೇಳಿ ಬಂದವರೂ ನಿಮ್ಮಲ್ಲಿರಬಹುದು. ಆದರೆ ಹೊಸಬರಿಗೆ ಏರಿಗಿಂತಲೂ ಇಳಿಜಾರು ಅಪಾಯಕಾರಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ, ಅದರ ನೋವು ಎರಡನೆಯ ದಿನ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ. ಇನ್ನು ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳ ದಾರಿಯಲ್ಲಿ ಕತ್ತಲು ಹರಿಯುವ ಮುನ್ನ ಗುಂಪು ಕಟ್ಟಿಕೊಂಡು ಓಡುವ ಮಾತೇ ಬೇಡ. ಆನೆಗಳ ಸಂಚಾರದ ಬಗ್ಗೆ ಅರಣ್ಯ ಇಲಾಖೆ ಕೊಡುವ ಎಚ್ಚರಿಕೆ ಓಡುವವರಿಗೂ ಅನ್ವಯಿಸುತ್ತದೆ.

ಉತ್ತರ 2 (ದೃಷ್ಟಿಹೀನ ಓಟಗಾರರಿಗೆ ಜೊತೆಗಾರನಾಗಿ ಓಡುವವನು)

ಆ ಯುವತಿಯ ವಿಷಯದಲ್ಲಿ ನಿಮಗೆ ಸಂಕೋಚವೇ ಬೇಡ, ಏಕೆಂದರೆ ಈ ಜಿಲ್ಲೆಯಲ್ಲೇ ಇದಕ್ಕೆ ದೊಡ್ಡ ಮಾದರಿಯಿದೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರು 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಮಹಿಳೆಯರ 1500 ಮೀಟರ್ ಟಿ11 ವಿಭಾಗದಲ್ಲಿ ಚಿನ್ನ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಅದೇ ದೂರವನ್ನು ಓಡಿದರು. ಅವರ ಪಕ್ಕದಲ್ಲಿ ಗೈಡ್ ರನ್ನರ್ ಆಗಿ ಓಡಿದವರು ರಾಹುಲ್ ಬಾಲಕೃಷ್ಣ. ಟಿ11 ಎಂಬುದು ದೃಷ್ಟಿ ಇಲ್ಲದವರ ಅಥವಾ ಬೆಳಕನ್ನಷ್ಟೇ ಅಲ್ಪಸ್ವಲ್ಪ ಗುರುತಿಸಬಲ್ಲವರ ವಿಭಾಗ. ಅಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಧರಿಸಿ, ಜೊತೆಗಾರರೊಂದಿಗೆ ಓಡುತ್ತಾರೆ. ಗುರಿಯನ್ನು ಓಟಗಾರರು ಜೊತೆಗಾರರಿಗಿಂತ ಮೊದಲು ದಾಟಬೇಕೆಂಬ ನಿಯಮವಿದೆ. ಈ ನಿಯಮದಲ್ಲಿ ನಿಮ್ಮ ಗುಂಪಿಗೂ ಬೇಕಾದ ಅಂಶವಿದೆ: ಜೊತೆಗಾರನು ಎಳೆದುಕೊಂಡು ಹೋಗುವವನಲ್ಲ. ವೇಗವನ್ನು ತೀರ್ಮಾನಿಸುವವಳು ಆಕೆ.

ಸಲಕರಣೆ ಎಂದರೆ ಒಂದು ಚಿಕ್ಕ ಹಗ್ಗ ಅಥವಾ ಬಟ್ಟೆಯ ಪಟ್ಟಿ, ಅಷ್ಟೇ. ಎರಡೂ ತುದಿಗೆ ಬೆರಳು ತೂರುವಷ್ಟು ಕುಣಿಕೆ ಹಾಕಿ, ಒಂದನ್ನು ಆಕೆ, ಇನ್ನೊಂದನ್ನು ನೀವು ಹಿಡಿಯಬೇಕು. ಹಗ್ಗ ಹಿಗ್ಗುವಂಥದ್ದಾಗಿರಬಾರದು, ಏಕೆಂದರೆ ಕೈಯ ಸಣ್ಣ ಚಲನೆಯೂ ಅದರ ಮೂಲಕ ಆಕೆಗೆ ತಲುಪಬೇಕು. ಉಳುವ ಜೋಡಿ ಎತ್ತುಗಳಂತೆ ಹೆಜ್ಜೆಗೆ ಹೆಜ್ಜೆ ಕೂಡಿಬಂದಾಗ ಓಟ ಸಲೀಸಾಗುತ್ತದೆ: ಆಕೆಯ ಎಡಗೈ ಮುಂದೆ ಬರುವಾಗ ನಿಮ್ಮ ಬಲಗೈ ಮುಂದೆ ಬರಬೇಕು. ಓಡುವ ಮೊದಲು ಮೈದಾನವನ್ನು ಒಂದು ಸುತ್ತು ಜೊತೆಯಾಗಿ ನಡೆದು, ತಿರುವು ಎಲ್ಲಿ ಆರಂಭವಾಗುತ್ತದೆ, ನೆಲ ಎಲ್ಲಿ ಸಡಿಲವಾಗಿದೆ ಎಂಬುದನ್ನು ಆಕೆಯ ಕಾಲಿಗೆ ಪರಿಚಯ ಮಾಡಿಸಿ. ಮಾತು ಚಿಕ್ಕದಾಗಿ, ಮುಂಚಿತವಾಗಿ, ಒಂದೇ ಬಗೆಯಲ್ಲಿರಬೇಕು. ‘ಇನ್ನು ಐದು ಹೆಜ್ಜೆಗೆ ಎಡ ತಿರುವು’ ಎಂದರೆ ಉಪಯೋಗವಿದೆ. ‘ಜೋಪಾನ, ಜೋಪಾನ’ ಎಂದು ಕೂಗಿದರೆ ಆಕೆ ಗಾಬರಿಯಾಗಿ ನಿಲ್ಲುತ್ತಾಳೆ, ಏನಾಗಲಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ‘ಅಲ್ಲಿ’, ‘ಈ ಕಡೆ’ ಎಂಬ ಪದಗಳನ್ನು ಪೂರ್ತಿ ಬಿಟ್ಟು, ಎಡ, ಬಲ, ಏರು, ಇಳಿಜಾರು ಎಂದೇ ಹೇಳಬೇಕು.

ಜೊತೆಗಾರರು ಮಾತನಾಡುತ್ತಲೇ ಓಡಬೇಕಾದ್ದರಿಂದ ಅವರ ಸಾಮರ್ಥ್ಯ ಆಕೆಗಿಂತ ಸ್ವಲ್ಪ ಹೆಚ್ಚಿರಬೇಕು. ಇಂದು ಆಕೆ ಹೊಸಬಳಾಗಿರಬಹುದು, ಆರು ತಿಂಗಳಿನಲ್ಲಿ ನಿಮ್ಮ ಗುಂಪಿನ ಬಹುಪಾಲು ಜನರಿಗಿಂತ ವೇಗವಾಗಿ ಓಡಬಹುದು. ಆದ್ದರಿಂದ ಕನಿಷ್ಠ ಮೂವರು ಈ ಕೆಲಸವನ್ನು ಕಲಿತಿರಲಿ, ಅವರಲ್ಲಿ ಹೆಂಗಸರೂ ಇರಲಿ. ಒಬ್ಬರನ್ನೇ ನೆಚ್ಚಿಕೊಂಡರೆ ಅವರಿಗೆ ಜ್ವರ ಬಂದ ಭಾನುವಾರ ಆಕೆ ಮನೆಯಲ್ಲಿ ಕೂರಬೇಕಾಗುತ್ತದೆ, ಅದು ಅನ್ಯಾಯ. ಕಲಿಯುವವರು ಮೊದಲು ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಇನ್ನೊಬ್ಬರ ಜೊತೆಗಾರಿಕೆಯಲ್ಲಿ ಒಂದು ಸುತ್ತು ಹಾಕಿ ನೋಡಲಿ. ಯಾವ ಸೂಚನೆ ತಡವಾಯಿತು, ಯಾವುದು ಅನಗತ್ಯ ಎಂಬುದು ಇದರಿಂದ ತಿಳಿಯುವಷ್ಟು ಬೇರಾವುದರಿಂದಲೂ ತಿಳಿಯುವುದಿಲ್ಲ.

ಉತ್ತರ 3 (ಫಿಸಿಯೋಥೆರಪಿಸ್ಟ್)

ಪೋಲಿಯೋ ಬಂದವರ ಬಗ್ಗೆ ಮೊದಲು ಬರೆಯುತ್ತೇನೆ, ಏಕೆಂದರೆ ಉತ್ಸಾಹದಿಂದ ಹಾನಿಯಾಗುವ ಸಾಧ್ಯತೆ ಹೆಚ್ಚಿರುವುದು ಅಲ್ಲಿಯೇ. ಪೋಲಿಯೋ ವೈರಸ್ ಸ್ನಾಯುಗಳನ್ನು ನಡೆಸುವ ನರಕೋಶಗಳಲ್ಲಿ ಒಂದಿಷ್ಟನ್ನು ನಾಶಪಡಿಸಿರುತ್ತದೆ, ಉಳಿದ ಕೋಶಗಳು ಹೊಸ ಕವಲುಗಳನ್ನು ಬೆಳೆಸಿಕೊಂಡು ಹೆಚ್ಚುವರಿ ಹೊರೆಯನ್ನು ದಶಕಗಳ ಕಾಲ ಹೊತ್ತಿರುತ್ತವೆ. ಅಂಥ ಸ್ನಾಯುವಿಗೆ ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂಬ ಹುರಿದುಂಬಿಕೆ ಒಳ್ಳೆಯದಲ್ಲ. ಮರುದಿನ ಬೆಳಿಗ್ಗೆ ಏಳುವಾಗ ಕಾಲು ಎಂದಿನಂತಿದ್ದರೆ ಹಿಂದಿನ ದಿನದ ಪ್ರಮಾಣ ಸರಿಯಾಗಿತ್ತು; ದಣಿವು ಅಥವಾ ಬಲಹೀನತೆ ಉಳಿದಿದ್ದರೆ ಮುಂದಿನ ವಾರ ಕಡಿಮೆ ಮಾಡಬೇಕು. ಎಷ್ಟು ಸುತ್ತು ಎಂಬುದನ್ನು ಅವರೇ ನಿರ್ಧರಿಸಲಿ, ಮೈದಾನದ ಅಂಚಿನಲ್ಲಿ ಕೂರಲು ಒಂದು ಕುರ್ಚಿ ಇರಲಿ, ಮತ್ತು ಕ್ಯಾಲಿಪರಿನ ಪಟ್ಟಿ ಚರ್ಮಕ್ಕೆ ಉಜ್ಜಿ ಕೆಂಪಾಗಿದೆಯೇ ಎಂದು ಮನೆಗೆ ಹೋದ ಮೇಲೆ ಪರೀಕ್ಷಿಸಿಕೊಳ್ಳಲಿ. ಕೈಗಳ ಬಲ ಚೆನ್ನಾಗಿದ್ದರೆ ಕುಳಿತೇ ಮಾಡುವ ಕೈ ವ್ಯಾಯಾಮವೂ ಹೃದಯಕ್ಕೆ ನಿಜವಾದ ವ್ಯಾಯಾಮವೇ ಆಗಿದೆ.

ಇನ್ಸುಲಿನ್ ತೆಗೆದುಕೊಳ್ಳುವವರು ಓಟದ ಮೊದಲು ಸಕ್ಕರೆಯ ಮಟ್ಟವನ್ನು ನೋಡಿಕೊಂಡೇ ಬರಬೇಕು. ಅದು 100ಕ್ಕಿಂತ ಕಡಿಮೆಯಿದ್ದರೆ ಬಾಳೆಹಣ್ಣನ್ನೋ ಬಿಸ್ಕತ್ತನ್ನೋ ತಿಂದು, ಸ್ವಲ್ಪ ಹೊತ್ತು ಕಳೆದು ಹೊರಡಬೇಕು. ಗ್ಲೂಕೋಸ್ ಪುಡಿ ಜೇಬಿನಲ್ಲಿರಲಿ, ಜೊತೆಯಲ್ಲಿರುವ ಒಬ್ಬರಿಗಾದರೂ ಅದು ಅಲ್ಲಿದೆಯೆಂದು ಗೊತ್ತಿರಲಿ. ನಡುಕ, ತಣ್ಣನೆಯ ಬೆವರು, ತಡವರಿಸುವ ಮಾತು ಕಂಡರೆ ತಕ್ಷಣ ನಿಲ್ಲಿಸಬೇಕು. ಸಕ್ಕರೆ ಕೆಲವು ಗಂಟೆಗಳ ನಂತರವೂ ಇಳಿಯಬಹುದಾದ್ದರಿಂದ ಔಷಧದ ಪ್ರಮಾಣದ ಬಗ್ಗೆ ತಮ್ಮ ವೈದ್ಯರೊಂದಿಗೆ ಮೊದಲೇ ಮಾತನಾಡಿರಬೇಕು. ಬರಿಗಾಲಿನ ಓಟ ಅವರಿಗೆ ಸಲ್ಲದು; ಪಾದದ ಸ್ಪರ್ಶಜ್ಞಾನ ಕುಗ್ಗಿದ್ದರೆ ಶೂ ಒಳಗಿನ ಸಣ್ಣ ಹರಳು ಕೂಡ ತಿಳಿಯದೆಯೇ ಹುಣ್ಣು ಮಾಡಬಲ್ಲದು. ಉಳಿದವರಲ್ಲಿ ಯಾರಿಗಾದರೂ ಶ್ರಮಪಟ್ಟಾಗ ಎದೆ ಬಿಗಿಯುವುದು, ತಲೆ ಸುತ್ತುವುದು ಇದ್ದರೆ ವೈದ್ಯರನ್ನು ಕಂಡ ಮೇಲೆಯೇ ಅವರು ಓಡಬೇಕು, ಇದರಲ್ಲಿ ರಾಜಿ ಬೇಡ. ಉಬ್ಬಸವಿರುವವರಿಗೆ ಡಿಸೆಂಬರ್, ಜನವರಿಯ ನಮ್ಮ ಚಳಿಗಾಳಿ ಶ್ವಾಸನಾಳವನ್ನು ಬಿಗಿಗೊಳಿಸಬಹುದು. ಹತ್ತು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳುವುದು, ಮೂಗು ಬಾಯಿಗೆ ತೆಳುವಾದ ಬಟ್ಟೆ ಕಟ್ಟುವುದು, ವೈದ್ಯರು ಹೇಳಿದ್ದರೆ ಮೊದಲೇ ಇನ್ಹೇಲರ್ ಬಳಸುವುದು ಇವೆಲ್ಲ ನೆರವಾಗುತ್ತವೆ.

ಓಡಿದರೆ ಮಂಡಿ ಸವೆಯುತ್ತದೆಂಬ ಭಯವನ್ನು ನನ್ನ ಬಳಿ ಬರುವವರಲ್ಲಿ ಬಹಳವಾಗಿ ಕಾಣುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಸೊಂಟ ಮತ್ತು ಮಂಡಿಯ ಸಂಧಿವಾತವು ಹವ್ಯಾಸಕ್ಕಾಗಿ ಓಡುವವರಲ್ಲಿ ಶೇಕಡಾ 3.5ರಷ್ಟು, ಓಡದೆ ಕುಳಿತಿರುವವರಲ್ಲಿ ಶೇಕಡಾ 10.2ರಷ್ಟು, ಸ್ಪರ್ಧಾತ್ಮಕ ಓಟಗಾರರಲ್ಲಿ ಶೇಕಡಾ 13.3ರಷ್ಟು ಕಂಡುಬಂದಿತ್ತು. ಮಂಡಿ ಈಗಾಗಲೇ ಸವೆದಿರುವವರು ಓಡುವುದನ್ನೇ ಬಿಟ್ಟಿರಬಹುದಾದ್ದರಿಂದ, ಓಟವೇ ಮಂಡಿಯನ್ನು ಕಾಪಾಡುತ್ತದೆಂದು ಈ ಅಂಕಿಗಳಿಂದ ಸಾಧಿಸಲಾಗದು. ಆದರೆ ಮಿತವಾಗಿ ಓಡುವವರು ಭಯಪಡಬೇಕಾಗಿಲ್ಲವೆಂದು ಹೇಳಲು ಇಷ್ಟು ಸಾಕು. ಕೊನೆಯದಾಗಿ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ, ಅಂಗವೈಕಲ್ಯವುಳ್ಳವರನ್ನೂ ಸೇರಿಸಿ, ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು ಸೂಚಿಸುತ್ತದೆ. ಭಾನುವಾರದ ಅರ್ಧ ಗಂಟೆಯಿಂದ ಅದು ತುಂಬುವುದಿಲ್ಲ; ವಾರದ ನಡುವೆ ಚುರುಕಾದ ನಡಿಗೆಗೂ ಗುಂಪಿನವರನ್ನು ಒಪ್ಪಿಸಿರಿ.

ಉತ್ತರ 4 (ಹತ್ತು ಕಿಲೋಮೀಟರ್ ಓಟಗಳಲ್ಲಿ ಭಾಗವಹಿಸುವ ಗೃಹಿಣಿ)

ಮೊದಲ ಉತ್ತರವನ್ನು ಬರೆದವರ ಸಲಹೆ ಬಹುಮಟ್ಟಿಗೆ ಸರಿಯಾದರೂ ಒಂದು ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಮೈದಾನದ ಸುತ್ತು ಎಲ್ಲರನ್ನೂ ಎಲ್ಲರ ಕಣ್ಣಿಗೆ ಬೀಳಿಸುತ್ತದೆ. ನಲವತ್ತರ ನಂತರ ಮೊದಲ ಬಾರಿಗೆ ಓಡಲು ಬಂದ ಹೆಂಗಸಿಗೆ ಇದೇ ದೊಡ್ಡ ಅಡ್ಡಿ. ಏನು ಉಡಬೇಕು, ಪರಿಚಯದವರು ಕಂಡರೆ ಏನೆಂದುಕೊಂಡಾರು, ಕ್ರಿಕೆಟ್ ಆಡುವ ಹುಡುಗರು ನಕ್ಕಾರೇ ಎಂಬ ಯೋಚನೆಗಳ ನಡುವೆ ಆಕೆ ಮನೆಯಿಂದ ಹೊರಟಿರುತ್ತಾಳೆ. ಅಂಥವಳನ್ನು ಐದು ಐದು ಬಾರಿ ವಿದ್ಯಾರ್ಥಿಗಳು ದಾಟಿಕೊಂಡು ಹೋದರೆ, ಸಮಯದ ಲೆಕ್ಕದಲ್ಲಿ ಅವಳು ಸಮಾನಳೆಂದು ನೀವೆಷ್ಟೇ ಹೇಳಿದರೂ ಅವಳ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಮೊದಲ ಒಂದೂವರೆ ತಿಂಗಳು ಹೊಸ ಹೆಂಗಸರಿಗೆ ವಾರದ ನಡುವೆ ಬೇರೆಯಾಗಿ ಅಭ್ಯಾಸವಿರಲಿ. ಮಕ್ಕಳು ಶಾಲೆಗೆ ಹೋದ ನಂತರದ ಸಮಯವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಬೆಳಗಿನ ಆರು ಗಂಟೆ ಅಡುಗೆಮನೆಯ ಸಮಯವೆಂಬುದನ್ನು ಇಂತಹ ಗುಂಪುಗಳನ್ನು ಕಟ್ಟುವವರು ಯೋಚಿಸುವುದೇ ಇಲ್ಲ. ರತ್ನಗಿರಿ ಬೋರೆಯ ಉದ್ಯಾನದಲ್ಲಿ ನಡಿಗೆಯಿಂದ ಆರಂಭಿಸಬಹುದು. ಸೀರೆ, ಚೂಡಿದಾರ ಯಾವುದರಲ್ಲಿ ಬಂದರೂ ಸರಿ, ಶೂ ಮತ್ತು ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಇರಬೇಕೆಂದು ಯಾರಾದರೂ ಹೆಂಗಸರೇ ಮುಕ್ತವಾಗಿ ಹೇಳಲಿ. ಈ ಮಾತನ್ನು ಯಾರೂ ಹೇಳದಿದ್ದುದರಿಂದಲೇ ಓಟ ಬಿಟ್ಟವರನ್ನು ನಾನು ಬಲ್ಲೆ.

ಪ್ರತ್ಯೇಕ ಗುಂಪು ಶಾಶ್ವತವಾಗಿ ಇರಬೇಕೆಂದು ನಾನು ಹೇಳುತ್ತಿಲ್ಲ. ಅದು ಒಳಗೆ ಬರುವ ಬಾಗಿಲಾಗಿರಬೇಕು.

ಉತ್ತರ 1 ಬರೆದವರಿಂದ ಮತ್ತೆ

ಈ ಆಕ್ಷೇಪವನ್ನು ಒಪ್ಪುತ್ತೇನೆ. ವಾರದ ನಡುವಿನ ಅಭ್ಯಾಸವನ್ನು ಯಾವ ಹೊಸಬರು ಬೇಕಾದರೂ ಸೇರಬಹುದಾದಂತೆ ಇಟ್ಟು, ಯಾವಾಗ ಭಾನುವಾರಕ್ಕೆ ಬರಬೇಕೆಂಬ ತೀರ್ಮಾನವನ್ನು ಅವರಿಗೇ ಬಿಡಬೇಕು. ‘ನೀವಿನ್ನೂ ಸಿದ್ಧರಿಲ್ಲ’ ಎಂದು ಹೇಳುವ ಅಧಿಕಾರ ಸಂಘಟಕರಿಗೆ ಇರಬಾರದು. ವಿದ್ಯಾರ್ಥಿಗಳು ಪದೇ ಪದೇ ದಾಟುವುದರಿಂದ ಆಗುವ ಮುಜುಗರವನ್ನು ಕಡಿಮೆ ಮಾಡಲು ಇನ್ನೊಂದು ದಾರಿಯೂ ಇದೆ. ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ನಡೆಯಲಿ, ಆ ಮೇಲೆ ನಿಧಾನವಾಗಿ ಹೋಗುವವರು ಹೊರಸುತ್ತಿನಲ್ಲೂ ವೇಗದವರು ಒಳಸುತ್ತಿನಲ್ಲೂ ಎದುರುಬದುರು ದಿಕ್ಕಿನಲ್ಲಿ ಓಡಲಿ. ಆಗ ಯಾರೂ ಯಾರನ್ನೂ ಹಿಂದಿನಿಂದ ದಾಟುವುದಿಲ್ಲ, ಪ್ರತಿ ಸುತ್ತಿನಲ್ಲೂ ಮುಖಾಮುಖಿ ಭೇಟಿಯಾಗುತ್ತಾರೆ. ದೃಷ್ಟಿಯಿಲ್ಲದ ಯುವತಿ ಮತ್ತು ಜೊತೆಗಾರರಿಗೆ ಎರಡರ ನಡುವೆ ಒಂದು ಪಥವನ್ನು ಪೂರ್ತಿ ಖಾಲಿ ಬಿಡಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಜಿಲ್ಲಾ ಆಟದ ಮೈದಾನದಲ್ಲಿ ಅರ್ಧ ಗಂಟೆಯ ಸುತ್ತು, ಎರಡು ದಿಕ್ಕಿನ ಓಟ, ಸರದಿಯಲ್ಲಿ ಹಿಂದೆ ನಡೆಯುವ ಸ್ವಯಂಸೇವಕರು, ಬುಧವಾರ ಹತ್ತು ಗಂಟೆಗೆ ರತ್ನಗಿರಿ ಬೋರೆಯಲ್ಲಿ ಹೊಸಬರ ಅಭ್ಯಾಸ ಎಂದು ತೀರ್ಮಾನಿಸಿದ್ದೇವೆ. ಭಾನುವಾರದ ಸಮಯವನ್ನು ಏಳೂವರೆಗೆ ಮುಂದೂಡಿದ್ದೇವೆ. ಜೊತೆಗಾರಿಕೆಯನ್ನು ಕಲಿಯಲು ಇಬ್ಬರು ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕಿಯೂ ಮುಂದೆ ಬಂದಿದ್ದಾರೆ. ಅವರ ಮೊದಲ ಪಾಠವನ್ನು ಹೇಗೆ ನಡೆಸಬೇಕೆಂದು ಆ ಯುವತಿಯನ್ನೇ ಕೇಳಿದೆವು, ತಾನೇ ಕಲಿಸುತ್ತೇನೆಂದು ಹೇಳಿದ್ದಾಳೆ.

ಇನ್ನೊಂದು ವಿಷಯ ಮಾತ್ರ ಉಳಿದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮೈದಾನದ ಮಣ್ಣು ಕೆಸರಾದಾಗ ಕ್ಯಾಲಿಪರ್ ಕಟ್ಟಿದವರೂ ದೃಷ್ಟಿಯಿಲ್ಲದವರೂ ಅಲ್ಲಿ ಹೆಜ್ಜೆಯಿಡುವುದು ಕಷ್ಟ. ಉದ್ದನೆಯ ಜಗಲಿಯಿರುವ ಶಾಲೆ ಅಥವಾ ಭಾನುವಾರ ಖಾಲಿಯಿರುವ ಸಭಾಂಗಣವೊಂದು ನಗರದೊಳಗೆ ಸಿಗುವಂತಿದ್ದರೆ, ಮೆಟ್ಟಿಲಿಲ್ಲದೆ ಒಳಗೆ ಹೋಗಲು ಸಾಧ್ಯವಿರುವಂಥದ್ದನ್ನು, ದಯವಿಟ್ಟು ಇಲ್ಲಿ ತಿಳಿಸಿರಿ.